ಲೇಖನಿ ಯಾರ ಕೈಗೆ?

ಬರೆದ ಕಾವ್ಯ ಚೆನ್ನಾಗಿದೆಯೇ ಇಲ್ಲವೇ ಎಂದು ರಸಿಕರು ಜಗಳವಾಡುವುದು ಹಳೆಯ ಸಂಪ್ರದಾಯ. ಆದರೆ ಇನ್ನೂ ಬರೆಯದೆ ಇರುವ ಕಥೆಯನ್ನು ಯಾರು ಬರೆಯಬೇಕು, ಯಾರು ಬರೆಯಕೂಡದು ಎಂದು ಜನ ಪಂಗಡಗಳಾಗಿ ನಿಂತು ವರ್ಷಗಟ್ಟಲೆ ವಾದಿಸುವುದು ಅಷ್ಟು ಸಾಮಾನ್ಯವಲ್ಲ. ಇಂಗ್ಲೆಂಡಿನಲ್ಲಿ ಇಂಥದೊಂದು ವಾದ ಅರ್ಧ ಶತಮಾನಕ್ಕೂ ಮೇಲ್ಪಟ್ಟು ನಡೆದುಬಂದಿದೆ. ವಾದದ ವಸ್ತು ಮಕ್ಕಳೂ ದೊಡ್ಡವರೂ ಜೊತೆಗೆ ಕುಳಿತು ನೋಡುವ ಒಂದು ಟೆಲಿವಿಷನ್ ಧಾರಾವಾಹಿ. ಮೇಲುನೋಟಕ್ಕೆ ಇದು ಮಕ್ಕಳಾಟಿಕೆಯಂತೆ ಕಂಡೀತು. ಅದರ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ, ಬಹುಕಾಲ ಬಾಳಿದ ಕಥೆ ಯಾರ ಸ್ವತ್ತು ಎಂಬ ದೊಡ್ಡ ಪ್ರಶ್ನೆಯೇ ಅದರೊಳಗಿದೆ ಎಂದು ನನಗೆ ತೋರುತ್ತದೆ.

ಧಾರಾವಾಹಿಯ ಹೆಸರು 'ಡಾಕ್ಟರ್ ಹೂ'. ನಮ್ಮ ಕಿವಿಗೆ ಹೂವಿನ ಹೆಸರಿನಂತೆ ಕೇಳಿಸಿದರೂ ಅದೊಂದು ಪ್ರಶ್ನೆ: ಡಾಕ್ಟರ್ ಎಂದರೆ ಯಾವ ಡಾಕ್ಟರ್? ಕಥಾನಾಯಕ ಬೇರೊಂದು ಲೋಕದವನು. ಲಂಡನ್ನಿನ ಬೀದಿಗಳಲ್ಲಿ ಹಿಂದೆ ನಿಲ್ಲಿಸಿರುತ್ತಿದ್ದ ಪೋಲೀಸರ ನೀಲಿ ಟೆಲಿಫೋನ್ ಪೆಟ್ಟಿಗೆಯ ಆಕಾರದ ಯಂತ್ರವೊಂದರಲ್ಲಿ ಅವನು ಭೂತ ಭವಿಷ್ಯತ್ತುಗಳನ್ನೆಲ್ಲ ಸುತ್ತುತ್ತಾನೆ. ಪೆಟ್ಟಿಗೆ ಹೊರಗಿನಿಂದ ಇಷ್ಟೇ ಇಷ್ಟು, ಒಳಗೆ ಅರಮನೆಯಷ್ಟು. ಸಾವು ಸಮೀಪಿಸಿದಾಗ ಅವನು ಹಳೆಯ ಮೈಯನ್ನು ಬಿಟ್ಟು ಹೊಸ ಮೈ, ಹೊಸ ಮುಖ, ಹೊಸ ಸ್ವಭಾವ ತಾಳುತ್ತಾನೆ. ಈ ಕೊನೆಯ ಉಪಾಯ ಮೊದಲು ಇರಲಿಲ್ಲ. ೧೯೬೬ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಬಿಟ್ಟುಹೋಗಬೇಕಾಗಿ ಬಂದಾಗ, ಪ್ಯಾಟ್ರಿಕ್ ಟ್ರೌಟನ್ ಎಂಬ ಇನ್ನೊಬ್ಬ ನಟನನ್ನು ಅದೇ ಪಾತ್ರಕ್ಕೆ ತರುವುದಕ್ಕಾಗಿ ಹೂಡಿದ್ದು. ಅಂದಿನಿಂದ ಕಥೆಗೆ ಸಾವಿಲ್ಲದಂತಾಯಿತು. ಜೊತೆಗೇ ಮುಂದಿನ ಡಾಕ್ಟರ್ ಯಾರು, ಅವನ ಬಾಯಿಗೆ ಮಾತು ಕೊಡುವವರು ಯಾರು ಎಂಬ ವಾದಕ್ಕೂ ಸಾವಿಲ್ಲದಂತಾಯಿತು.

ಒಂದು ಸ್ವಾರಸ್ಯವೆಂದರೆ, ಯಾರು ಬರೆಯಬೇಕೆಂಬ ಪ್ರಶ್ನೆ ಧಾರಾವಾಹಿಗಿಂತಲೂ ಮೊದಲೇ ಹುಟ್ಟಿತ್ತು. ವೈಜ್ಞಾನಿಕ ಕಥೆಗಳು ಟೆಲಿವಿಷನ್ನಿಗೆ ಹೊಂದುವುವೇ ಎಂದು ೧೯೬೨ರಲ್ಲಿ ಬಿ.ಬಿ.ಸಿ. ಸಂಸ್ಥೆ ತನ್ನ ಸಿಬ್ಬಂದಿಯವರಿಂದಲೇ ಎರಡು ವರದಿಗಳನ್ನು ಬರೆಯಿಸಿತು. ಅಚ್ಚಾಗಿರುವ ವೈಜ್ಞಾನಿಕ ಕಥೆಗಳಲ್ಲಿ ಬಹುಪಾಲು ಈ ಮಾಧ್ಯಮಕ್ಕೆ ಒಗ್ಗುವುದಿಲ್ಲ ಎಂಬುದು ವರದಿಗಾರರ ಅಭಿಪ್ರಾಯ. ವಿಕಾರ ಕಣ್ಣಿನ ರಾಕ್ಷಸರೂ ತಗಡಿನ ಯಂತ್ರಮಾನವರೂ ಬೇಡವೆಂದು ಅವರು ಎಚ್ಚರಿಸಿದರು. ಕೆನಡಾದಿಂದ ಬಂದು ನಾಟಕ ವಿಭಾಗದ ಮುಖ್ಯಸ್ಥರಾದ ಸಿಡ್ನಿ ನ್ಯೂಮನ್ನರೂ ಅದೇ ಮನಸ್ಸಿನವರು. ಶನಿವಾರ ಸಂಜೆ ಆಟೋಟಗಳ ಕಾರ್ಯಕ್ರಮಕ್ಕೂ ಹಾಡಿನ ಕಾರ್ಯಕ್ರಮಕ್ಕೂ ನಡುವೆ ಇದ್ದ ತೆರಪನ್ನು ತುಂಬಲು ಅವರಿಗೊಂದು ಧಾರಾವಾಹಿ ಬೇಕಾಗಿತ್ತು. ಅದರಲ್ಲಿ ಮಕ್ಕಳಿಗೆ ಇಷ್ಟು ಚರಿತ್ರೆ, ಇಷ್ಟು ವಿಜ್ಞಾನ ಕಲಿಸಬೇಕೆಂಬ ಉದ್ದೇಶವೂ ಇತ್ತು.

ಈ ಕೆಲಸವನ್ನು ಅವರು ಯಾರಿಗೆ ವಹಿಸಿದರು ಎಂಬುದು ಗಮನಿಸತಕ್ಕದ್ದು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ನೇಮಕವಾದಾಗ ಆಕೆಗೆ ೨೭ ವರ್ಷ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್. ಆತನಿಗೆ ಇನ್ನೂ ೨೪. ಈ ಹುಸೇನರು ಹುಟ್ಟಿದ್ದು ನಮ್ಮ ಲಖನೌದಲ್ಲಿ, ೧೯೩೮ರಲ್ಲಿ. ದೇಶ ವಿಭಜನೆಯ ಕಾಲಕ್ಕೆ ಲಖನೌದ ಒಂದು ದೊಡ್ಡ ಮನೆತನ ಒಡೆದುಹೋದ ಕಥೆಯನ್ನು ೧೯೬೧ರಲ್ಲಿ ಕಾದಂಬರಿಯಾಗಿ ಬರೆದ ಅತಿಯಾ ಹುಸೇನ್ ಇವರ ತಾಯಿ. ಮೊದಲ ಕಥೆಯನ್ನು ಬರೆದ ಆಂಟನಿ ಕೊಬರ್ನ್ ಆಸ್ಟ್ರೇಲಿಯದವರು. ಹೀಗೆ ಇಂಗ್ಲಿಷರ ಮನೆಮಾತಾದ ಒಂದು ಕಥೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಕೆನಡಾದವರು, ಒಬ್ಬರು ಹೆಂಗಸು, ಒಬ್ಬರು ಲಖನೌದವರು, ಒಬ್ಬರು ಆಸ್ಟ್ರೇಲಿಯದವರು. ಅಂದಿನ ಬಿ.ಬಿ.ಸಿ.ಯ ಪಡಸಾಲೆಗಳಲ್ಲಿ ಇವರು ಒಂದಲ್ಲ ಒಂದು ಬಗೆಯಲ್ಲಿ ಹೊರಗಿನವರೇ ಸರಿ.

೧೯೬೩ರ ನವೆಂಬರ್ ೨೩ರಂದು ಮೊದಲ ಕಂತು ಪ್ರಸಾರವಾಯಿತು. ಅಮೆರಿಕದ ಅಧ್ಯಕ್ಷ ಕೆನೆಡಿಯವರ ಕೊಲೆಯಾದ ಮರುದಿನ ಅದು. ಅಂದು ಜನರ ಮನಸ್ಸು ಎಲ್ಲಿರಬೇಕೋ ಅಲ್ಲಿತ್ತು. ಆದ್ದರಿಂದ ಮುಂದಿನ ವಾರ ಅದೇ ಕಂತನ್ನು ಮತ್ತೊಮ್ಮೆ ತೋರಿಸಿ ಆಮೇಲೆ ಎರಡನೆಯದನ್ನು ತೋರಿಸಿದರು. ಕಥೆಗೆ ನಿಜವಾದ ಕಳೆ ಬಂದದ್ದು ಡಿಸೆಂಬರಿನಲ್ಲಿ, 'ಡಾಲೆಕ್' ಎಂಬ ಲೋಹಕವಚದ ಕ್ರೂರ ಜೀವಿಗಳು ಕಾಣಿಸಿಕೊಂಡಾಗ. ನ್ಯೂಮನ್ನರು ಬೇಡವೆಂದಿದ್ದುದೇ ಇಂಥವನ್ನು! ಲ್ಯಾಂಬರ್ಟ್ ಪಟ್ಟು ಹಿಡಿದು ಉಳಿಸಿಕೊಂಡರು. ಅವನ್ನು ಕಲ್ಪಿಸಿದ ಟೆರಿ ನೇಶನ್ ಹಾಸ್ಯದ ಬರಹಗಾರ. ಟೋನಿ ಹ್ಯಾಂಕಾಕ್ ಎಂಬ ಪ್ರಸಿದ್ಧ ವಿದೂಷಕನ ಬಳಿ ಇದ್ದ ಕೆಲಸ ತಪ್ಪಿಹೋದ್ದರಿಂದ, ಮೊದಲು ಒಲ್ಲೆನೆಂದಿದ್ದ ಈ ಕೆಲಸವನ್ನು ಆತ ಒಪ್ಪಿಕೊಂಡದ್ದು. ಹೊಟ್ಟೆಪಾಡಿಗೆ ಬರೆದ ಆ ಕಥೆಯೇ ಧಾರಾವಾಹಿಯನ್ನು ಬದುಕಿಸಿತು.

ಆ ಕಾಲದ ವ್ಯವಸ್ಥೆ ಸರಳವಾಗಿತ್ತು. ಕಥಾ ಸಂಪಾದಕನೆಂದು ಒಬ್ಬನಿರುತ್ತಿದ್ದ. ಯಾರಿಂದ ಬರೆಯಿಸಬೇಕೆಂದು ಗೊತ್ತುಮಾಡುವುದು, ಬಂದುದನ್ನು ತಿದ್ದುವುದು, ಬರದೆ ಇದ್ದರೆ ತಾನೇ ರಾತ್ರಿ ಕುಳಿತು ಬರೆಯುವುದು ಅವನ ಪಾಡು. ಬರೆದವರು ಕೂಲಿಗೆ ಬರೆದರು. ಆದರೆ ಬರಿಗೈಯಲ್ಲಿ ಬರಲಿಲ್ಲ. ಕಿಟ್ ಪೆಡ್ಲರ್ ಲಂಡನ್ನಿನ ನೇತ್ರವಿಜ್ಞಾನ ಸಂಸ್ಥೆಯಲ್ಲಿ ಸಂಶೋಧಕರು. ಅವಯವಗಳನ್ನು ಒಂದೊಂದಾಗಿ ಯಂತ್ರಗಳಿಂದ ಬದಲಾಯಿಸುತ್ತ ಹೋದರೆ ಮನುಷ್ಯತ್ವ ಎಲ್ಲಿ ಕೊನೆಗಾಣುತ್ತದೆ ಎಂಬ ಅಂಜಿಕೆ ಅವರನ್ನು ಕಾಡುತ್ತಿತ್ತು. ಆ ಅಂಜಿಕೆಯಿಂದಲೇ ೧೯೬೬ರಲ್ಲಿ, ಗೆರಿ ಡೇವಿಸ್‌ರ ಸಹಾಯದಿಂದ, 'ಸೈಬರ್‌ಮನ್' ಎಂಬ ಯಂತ್ರಜೀವಿಗಳು ಹುಟ್ಟಿದರು. ಎಲ್ಲರಿಗಿಂತ ಹೆಚ್ಚಾಗಿ ಹೇಳಬೇಕಾದವರು ರಾಬರ್ಟ್ ಹೋಮ್ಸ್. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಸೈನಿಕರು, ಆಮೇಲೆ ಲಂಡನ್ನಿನಲ್ಲಿ ಪೋಲೀಸು, ಆಮೇಲೆ ಪತ್ರಕರ್ತರು. ೧೯೬೮ರ ಕೊನೆಯಲ್ಲಿ ಇವರ ಮೊದಲ ಕಥೆ ತೆರೆಗೆ ಬಂತು. ೧೯೭೪ರಿಂದ ೧೯೭೭ರವರೆಗೆ ಕಥಾ ಸಂಪಾದಕರಾಗಿದ್ದರು. ಅಧಿಕಾರವೆಂದರೇನು, ಅದು ಹೇಗೆ ಕೊಳೆಯುತ್ತದೆ ಎಂಬುದನ್ನು ಠಾಣೆಯಲ್ಲಿ ಕುಳಿತು ಕಂಡವರ ಕಣ್ಣು ಅವರ ಬರಹದಲ್ಲೆಲ್ಲ ಇದೆ.

ಇಲ್ಲಿಗೆ ಅಭಿಮಾನಿಗಳ ಪ್ರವೇಶ.

ಧಾರಾವಾಹಿಯೊಂದಿಗೇ ಬೆಳೆದ ಹುಡುಗರು ೧೯೭೬ರಲ್ಲಿ ಒಂದು ಮೆಚ್ಚುಗೆಯ ಸಂಘವನ್ನು ಕಟ್ಟಿದರು. ಅದೇ ವರ್ಷದ ಕೊನೆಯಲ್ಲಿ ಹೋಮ್ಸ್ ಬರೆದ 'ದಿ ಡೆಡ್ಲಿ ಅಸ್ಯಾಸಿನ್' ಎಂಬ ಕಥೆ ಪ್ರಸಾರವಾಯಿತು. ಡಾಕ್ಟರನ ಹುಟ್ಟೂರಾದ ಲೋಕವನ್ನು ಅಲ್ಲಿಯವರೆಗೆ ಯಾರೂ ಸರಿಯಾಗಿ ತೋರಿಸಿರಲಿಲ್ಲ. ದೇವತೆಗಳಂಥ ಮಹಾತ್ಮರು ಅಲ್ಲಿದ್ದಾರೆಂದು ಹುಡುಗರು ಕಲ್ಪಿಸಿಕೊಂಡಿದ್ದರು. ಹೋಮ್ಸ್ ತೋರಿಸಿದ್ದೇನು? ಪದವಿಗಾಗಿ ಕಿತ್ತಾಡುವ, ದಾಖಲೆ ತಿದ್ದುವ, ಮರೆಗುಳಿ ಮುದುಕರ ಒಂದು ಸಭೆ! ಸಂಘದ ಅಧ್ಯಕ್ಷರಾಗಿದ್ದ ಯುವಕರು ತಮ್ಮ ಪತ್ರಿಕೆಯಲ್ಲಿ ಕೆಂಡ ಕಾರಿದರು. ಹಿಂದಿನ ಕಥೆಗಳಲ್ಲಿ ಹೇಳಿದ್ದಕ್ಕೂ ಇದಕ್ಕೂ ಹೊಂದಿಕೆಯಿಲ್ಲ, ಮಾಯಕವೆಲ್ಲ ಮಣ್ಣುಪಾಲಾಯಿತು ಎಂಬುದು ಅವರ ದೂರಿನ ಸಾರ. ಇತ್ತ ಮೇರಿ ವೈಟ್‌ಹೌಸ್ ಎಂಬ ಮಹಿಳೆ ಬೇರೊಂದು ಕಾರಣಕ್ಕೆ, ನಾಯಕನನ್ನು ನೀರಿನಲ್ಲಿ ಅದುಮಿ ಹಿಡಿಯುವ ದೃಶ್ಯ ಮಕ್ಕಳಿಗೆ ತಕ್ಕದ್ದಲ್ಲವೆಂದು, ಬಿ.ಬಿ.ಸಿ.ಗೆ ದೂರಿತ್ತರು. ಭಕ್ತರೂ ಬೈದರು, ವಿರೋಧಿಗಳೂ ಬೈದರು.

ಆಮೇಲೆ ಆದದ್ದು ನೋಡಿ. ಆ ಲೋಕದ ಬಗ್ಗೆ ಅಲ್ಲಿಂದ ಮುಂದೆ ಬಂದ ಕಥೆಗಳೆಲ್ಲ ಹೋಮ್ಸ್ ಹಾಕಿದ ಅಡಿಪಾಯದ ಮೇಲೆಯೇ ನಿಂತಿವೆ. ಡಾಕ್ಟರನಿಗೆ ಹನ್ನೆರಡು ಸಲ ಮಾತ್ರ ಮೈ ಬದಲಿಸಲು ಸಾಧ್ಯವೆಂಬ ನಿಯಮವೂ ಆ ಕಥೆಯದೇ. ಒಂದು ತಲೆಮಾರು ಕಳೆಯುವಷ್ಟರಲ್ಲಿ, ಸಂಪ್ರದಾಯಭಂಗವೆಂದು ಹಳಿದಿದ್ದುದೇ ಸಂಪ್ರದಾಯವಾಗಿಹೋಯಿತು. ಅದನ್ನು ಮೀರಿದವರನ್ನು ಹಳಿಯುವುದಕ್ಕೆ ಅದೇ ಅಳತೆಗೋಲಾಯಿತು. ೧೯೭೯ರಲ್ಲಿ ಕಥಾ ಸಂಪಾದಕರಾಗಿದ್ದ ಡಗ್ಲಸ್ ಆಡಮ್ಸ್‌ರಿಗೂ ಇದೇ ಅನುಭವ. ಅವರ ಕೈವಾಡದಿಂದ ಬಂದ 'ಸಿಟಿ ಆಫ್ ಡೆತ್' ಕಥೆಯ ಹಾಸ್ಯ ಅಂದಿನ ಗಂಭೀರ ಅಭಿಮಾನಿಗಳಿಗೆ ಕಾಲೇಜು ಹುಡುಗರ ಚೇಷ್ಟೆಯೆನಿಸಿತು. ಮೂವತ್ತು ವರ್ಷಗಳ ಮೇಲೆ, ೨೦೦೯ರಲ್ಲಿ, ಧಾರಾವಾಹಿಗೆಂದೇ ಮೀಸಲಾದ ಮಾಸಪತ್ರಿಕೆ ೨೦೦ ಕಥೆಗಳ ಮೇಲೆ ಓದುಗರ ಮತ ಕೇಳಿದಾಗ ಅದೇ ಕಥೆ ಮೊದಲ ಹತ್ತರೊಳಗೆ ನಿಂತಿತು.

ಅಭಿಮಾನಿಗಳ ಮಾತನ್ನು ಹಗುರಾಗಿ ಕಾಣಬೇಕೆಂದು ಇದರರ್ಥವಲ್ಲ. ಅವರು ಎತ್ತಿದ ಪ್ರಶ್ನೆ ಸಾಚಾ ಪ್ರಶ್ನೆಯೇ: ಮನೆಯನ್ನು ಪ್ರೀತಿಸದವನ ಕೈಗೆ ಮನೆಯ ಬೀಗದಕೈ ಕೊಡಬಹುದೇ? ೧೯೮೦ರಲ್ಲಿ ಆಂಡ್ರ್ಯೂ ಸ್ಮಿತ್ ಎಂಬ ಹದಿಹರೆಯದ ಅಭಿಮಾನಿ ಬರೆದ 'ಫುಲ್ ಸರ್ಕಲ್' ಎಂಬ ಕಥೆಯನ್ನು ಸಂಪಾದಕರು ಒಪ್ಪಿಕೊಂಡು ಪ್ರಸಾರ ಮಾಡಿದರು, ಚೆನ್ನಾಗಿಯೇ ಇತ್ತು. ಆದರೆ ಪ್ರೀತಿ ನೆನಪಿನ ಹೊರೆಯಾಗುವುದೂ ಉಂಟು. ೧೯೮೫ರ ಜನವರಿಯಲ್ಲಿ ಬಂದ ಸೈಬರ್‌ಮನ್ನರ ಒಂದು ಕಥೆ ಅರ್ಥವಾಗಬೇಕಾದರೆ ನೋಡುಗರಿಗೆ ೧೯೬೬ ಮತ್ತು ೧೯೬೭ರ ಎರಡು ಕಥೆಗಳು ನೆನಪಿರಬೇಕಾಗಿತ್ತು. ಅವುಗಳಲ್ಲಿ ೧೯೬೭ರ ಕಥೆಯ ಪ್ರತಿಗಳು ಬಿ.ಬಿ.ಸಿ.ಯ ಉಗ್ರಾಣದಲ್ಲಿಯೇ ಇರಲಿಲ್ಲ. ಅವು ಹಾಂಗ್‌ಕಾಂಗಿನಲ್ಲಿ ಸಿಕ್ಕಿದ್ದು ೧೯೯೧ರ ಕೊನೆಗೆ. ಸಂಸ್ಥೆಯ ಬಳಿಯೇ ಇಲ್ಲದ ಕಥೆಯನ್ನು ಅಡಿಗೆಮನೆಯಲ್ಲಿ ಕೆಲಸ ಮಾಡುತ್ತ ಒಂದು ಕಣ್ಣಿನಿಂದ ಟೆಲಿವಿಷನ್ ನೋಡುವ ಗೃಹಿಣಿ ಹೇಗೆ ನೆನಪಿಟ್ಟುಕೊಳ್ಳಬೇಕು?

೧೯೮೫ರ ಫೆಬ್ರವರಿಯಲ್ಲಿ ಬಿ.ಬಿ.ಸಿ. ಧಾರಾವಾಹಿಯನ್ನು ಒಂದೂವರೆ ವರ್ಷ ನಿಲ್ಲಿಸಿತು. ೧೯೮೬ರ ಸೆಪ್ಟೆಂಬರಿನಲ್ಲಿ ಮತ್ತೆ ಬಂದಾಗ, ಹದಿನಾಲ್ಕು ಕಂತುಗಳ ಒಂದೇ ಕಥೆ; ಡಾಕ್ಟರನನ್ನು ಅವನ ಜನರೇ ವಿಚಾರಣೆಗೆ ಗುರಿಪಡಿಸಿದ ಕಥೆ. ತೆರೆಯ ಮೇಲೆ ವಿಚಾರಣೆ ಡಾಕ್ಟರನದು; ತೆರೆಯ ಹಿಂದೆ ಧಾರಾವಾಹಿಯದೇ ಎಂದು ಎಲ್ಲರಿಗೂ ತಿಳಿದಿತ್ತು. ಆರಂಭದ ಭಾಗವನ್ನೂ ಮುಕ್ತಾಯವನ್ನೂ ಬರೆಯಬೇಕಾಗಿದ್ದವರು ಹಳೆಯ ಹುಲಿ ಹೋಮ್ಸ್. ಮುಕ್ತಾಯ ಪೂರೈಸುವ ಮೊದಲೇ, ಆ ವರ್ಷದ ಮೇ ೨೪ರಂದು, ಅವರು ತೀರಿಕೊಂಡರು. ಕಥಾ ಸಂಪಾದಕ ಎರಿಕ್ ಸೇವರ್ಡ್ ಕೊನೆಯ ಕಂತನ್ನು ತಾವೇ ಬರೆದರು. ಮುಕ್ತಾಯ ಹೇಗಿರಬೇಕೆಂಬ ಬಗ್ಗೆ ನಿರ್ಮಾಪಕರೊಡನೆ ಮನಸ್ತಾಪವಾಗಿ ಅದನ್ನು ಹಿಂದಕ್ಕೆ ತೆಗೆದುಕೊಂಡು ಹೊರಟುಹೋದರು. ಆಗ ಪಿಪ್ ಬೇಕರ್ ಮತ್ತು ಜೇನ್ ಬೇಕರ್ ಎಂಬ ಲೇಖಕ ದಂಪತಿಗಳಿಗೆ ಕರೆ ಹೋಯಿತು. ಹಿಂದಿನ ಪ್ರತಿಯಲ್ಲಿ ಏನಿತ್ತೆಂದು ಅವರಿಗೆ ಹೇಳುವಂತಿರಲಿಲ್ಲ. ಹೇಳಿದರೆ ಹಕ್ಕಿನ ತಕರಾರು ಬರುತ್ತಿತ್ತು. ಕೆಲವೇ ದಿನಗಳಲ್ಲಿ, ಇನ್ನೊಬ್ಬರು ಹಾಕಿದ ಗಂಟನ್ನು ಅದು ಯಾವ ಗಂಟೆಂದು ತಿಳಿಯದೆಯೇ ಅವರು ಬಿಚ್ಚಬೇಕಾಗಿತ್ತು. ಬಿಚ್ಚಿದರು, ಅಂದವಾಗಿ ಅಲ್ಲ.

ಆ ಡಿಸೆಂಬರಿನಲ್ಲಿ 'ಓಪನ್ ಏರ್' ಎಂಬ ಬಿ.ಬಿ.ಸಿ. ಕಾರ್ಯಕ್ರಮದಲ್ಲಿ ಈ ದಂಪತಿಗಳನ್ನು ಕೂರಿಸಿ, ಅವರೆದುರಿಗೆ ಅಭಿಮಾನಿಗಳ ಸಂಘದ ಕೆಲವು ಹುಡುಗರನ್ನು ಕೂರಿಸಿದರು. ಅವರಲ್ಲೊಬ್ಬ, ಹದಿನಾರರ ಹರೆಯದವನು, ಕಥೆಯೆಲ್ಲ ಸವಕಲಾಗಿದೆ, ಓಣಿಗಳಲ್ಲಿ ಓಡಾಡುವುದೂ ಪೆದ್ದು ರಾಕ್ಷಸರೂ ಬಿಟ್ಟರೆ ಮತ್ತೇನಿಲ್ಲ ಎಂಬರ್ಥದಲ್ಲಿ ನೇರವಾಗಿ ಹೇಳಿಬಿಟ್ಟ. ಲೇಖಕ ದಂಪತಿಗಳ ಮುಖ ಗಂಟಿಕ್ಕಿತು. ಹುಡುಗನ ಹೆಸರು ಕ್ರಿಸ್ ಚಿಬ್ನಲ್. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಆಮೇಲೆ ಮೂರು ವರ್ಷ ಆಂಡ್ರ್ಯೂ ಕಾರ್ಟ್‌ಮೆಲ್ ಎಂಬ ಹೊಸ ಕಥಾ ಸಂಪಾದಕರು ಹೊಸ ಲೇಖಕರನ್ನು ಹುಡುಕಿ ತಂದರು. ಹಳೆಯ ಹೆಸರುಗಳ ಹಂಗಿಗೆ ಅವರು ಬೀಳಲಿಲ್ಲ. ಫಲ ಕಾಣತೊಡಗಿತ್ತು, ಆದರೆ ನೋಡುವವರು ಚದುರಿದ್ದರು. ೧೯೮೯ರ ಡಿಸೆಂಬರ್ ೬ರಂದು, ರೋನಾ ಮನ್ರೋ ಎಂಬ ಯುವ ನಾಟಕಕರ್ತಿ ಬರೆದ ಕಥೆಯೊಂದಿಗೆ, ಇಪ್ಪತ್ತಾರು ವರ್ಷದ ಧಾರಾವಾಹಿ ಸದ್ದಿಲ್ಲದೆ ನಿಂತುಹೋಯಿತು.

ನನ್ನ ದೃಷ್ಟಿಯಲ್ಲಿ ಚರಿತ್ರೆಯ ಅತ್ಯಂತ ಕುತೂಹಲಕರವಾದ ಭಾಗ ಇದರ ಮುಂದಿನದು. ಕಥೆಯ ಒಡೆಯರೇ ಕೈಬಿಟ್ಟ ಕಥೆಯನ್ನು ಓದುಗರು ಎತ್ತಿಕೊಂಡರು. ೧೯೯೧ರಲ್ಲಿ ವರ್ಜಿನ್ ಎಂಬ ಪ್ರಕಾಶನ ಸಂಸ್ಥೆ ಡಾಕ್ಟರನ ಹೊಸ ಸಾಹಸಗಳನ್ನು ಕಾದಂಬರಿಗಳಾಗಿ ಹೊರತರಲು ಆರಂಭಿಸಿತು. ಹೆಸರಿಲ್ಲದವರೂ ಹಸ್ತಪ್ರತಿ ಕಳಿಸಬಹುದು, ಓದಿ ನೋಡುತ್ತೇವೆ ಎಂದು ಸಂಪಾದಕರು ಸಾರಿದರು. ೧೯೯೭ರವರೆಗೆ ಆ ಮಾಲೆಯಲ್ಲಿ ೬೧ ಕಾದಂಬರಿಗಳು ಬಂದುವು. ಅಭಿಮಾನಿಗಳ ಪುಟ್ಟ ಪತ್ರಿಕೆಗಳಲ್ಲಿ ಕೈಪಳಗಿಸಿಕೊಂಡಿದ್ದ ಪಾಲ್ ಕಾರ್ನೆಲ್, ಮುಂದೆ ನಟರಾಗಿಯೂ ಹೆಸರಾದ ಮಾರ್ಕ್ ಗೇಟಿಸ್, ಟೆಲಿವಿಷನ್ ನಾಟಕಗಳಲ್ಲಿ ಆಗಲೇ ತೊಡಗಿದ್ದ ರಸೆಲ್ ಟಿ. ಡೇವಿಸ್ ಇವರೆಲ್ಲ ಅಲ್ಲಿ ಬರೆದವರೇ. ಡಾಕ್ಟರ್ ತನ್ನ ನೆನಪನ್ನೆಲ್ಲ ಕಳೆದುಕೊಂಡು ಸಾಮಾನ್ಯ ಮನುಷ್ಯನಾಗಿ ಬಾಳುವ ಕಾರ್ನೆಲ್ಲರ ಕಾದಂಬರಿ ೧೯೯೫ರಲ್ಲಿ ಬಂತು. ಹನ್ನೆರಡು ವರ್ಷಗಳ ಮೇಲೆ ಅದೇ ಕಥೆ ಟೆಲಿವಿಷನ್ನಿಗೆ ಏರಿತು. ನೋಡುವವರಿಲ್ಲವೆಂದು ನಿಲ್ಲಿಸಿದ ಧಾರಾವಾಹಿ ಹೀಗೆ ಪುಸ್ತಕದಂಗಡಿಗಳಲ್ಲಿ ಅಜ್ಞಾತವಾಸ ಕಳೆಯಿತು.

೨೦೦೫ರ ಮಾರ್ಚ್ ೨೬ರಂದು ಧಾರಾವಾಹಿ ಮರಳಿ ಬಂದಾಗ ಅದರ ಸೂತ್ರಧಾರರು ರಸೆಲ್ ಟಿ. ಡೇವಿಸ್. ಆ ವರ್ಷ ಬರೆದವರು ಐವರು: ಡೇವಿಸ್, ಗೇಟಿಸ್, ಕಾರ್ನೆಲ್, ಸ್ಟೀವನ್ ಮೋಫಟ್, ರಾಬರ್ಟ್ ಶಿಯರ್‌ಮನ್. ಐವರೂ ಹಳೆಯ ಅಭಿಮಾನಿಗಳು. ಐವರೂ ಅದಕ್ಕೆ ಮೊದಲೇ ಕಾದಂಬರಿಯೋ ಸಣ್ಣಕಥೆಯೋ ಶ್ರವ್ಯನಾಟಕವೋ ಒಂದಲ್ಲ ಒಂದು ರೂಪದಲ್ಲಿ ಡಾಕ್ಟರನ ಕಥೆ ಬರೆದಿದ್ದವರು. ಅಭಿಮಾನಿಗಳು ಬರೆಯಬೇಕೆಂದು ವಾದಿಸಿದವರಿಗೆ ಇದಕ್ಕಿಂತ ದೊಡ್ಡ ಗೆಲುವಿಲ್ಲ. ಗೆದ್ದದ್ದು ನಿಜ, ಇಡೀ ದೇಶ ಮತ್ತೆ ಶನಿವಾರ ಸಂಜೆ ಟೆಲಿವಿಷನ್ ಮುಂದೆ ಕುಳಿತಿತು.

ಆದರೆ ಆ ಐವರಲ್ಲಿ ಇನ್ನೊಂದು ಸಾಮ್ಯವಿತ್ತು. ಐವರೂ ಗಂಡಸರು, ಐವರೂ ಬಿಳಿಯರು. ಹದಿನೈದು ವರ್ಷ ಕಥೆಯನ್ನು ಕಾಪಾಡಿದ್ದ ಕೂಟ ಎಂಥದೋ, ಅದು ಬೆಳೆಸಿದ ಲೇಖಕರೂ ಅಂಥವರೇ. ಹೊಸ ಧಾರಾವಾಹಿಗೆ ಬರೆದ ಮೊದಲ ಮಹಿಳೆ ಹೆಲನ್ ರೇನರ್, ೨೦೦೭ರಲ್ಲಿ. ೨೦೦೮ರಲ್ಲಿ ಆಕೆಯ ಎರಡನೆಯ ಕಥೆ ಬಂದ ಮೇಲೆ, ೨೦೧೫ರ ಅಕ್ಟೋಬರಿನವರೆಗೆ ಒಬ್ಬ ಮಹಿಳೆಯ ಹೆಸರೂ ಲೇಖಕರ ಪಟ್ಟಿಯಲ್ಲಿ ಕಾಣಿಸಲಿಲ್ಲ. ಏಳು ವರ್ಷ! ಹೆಂಗಸೊಬ್ಬಳು ನಿರ್ಮಾಪಕಿಯಾಗಿ ನಿಂತು ಬದುಕಿಸಿದ ಧಾರಾವಾಹಿಯಲ್ಲಿ ಹೀಗಾದುದನ್ನು ಅಭಿಮಾನಿಗಳಲ್ಲಿಯೇ ಹಲವರು ಎತ್ತಿ ಆಡಿದರು. ಯಾರು ಬರೆಯಬೇಕೆಂಬ ಹಳೆಯ ವಾದಕ್ಕೆ ಹೊಸ ಅರ್ಥ ಬಂದದ್ದು ಆಗ. ಮನೆಯೊಳಗಿನವನೋ ಹೊರಗಿನವನೋ ಎಂದು ಕೇಳುತ್ತಿದ್ದವರು, ಮನೆಯೊಳಕ್ಕೆ ಬರಲು ಬಾಗಿಲು ಯಾರಿಗೆ ತೆರೆದಿತ್ತು ಎಂದು ಕೇಳಬೇಕಾಯಿತು.

ಇದಕ್ಕೊಂದು ಉತ್ತರ ಬಂದದ್ದು ೨೦೧೮ರಲ್ಲಿ. ಆಗ ಸೂತ್ರಧಾರರಾಗಿ ಬಂದವರು ಬೇರೆ ಯಾರೂ ಅಲ್ಲ, ಮೂವತ್ತೆರಡು ವರ್ಷಗಳ ಹಿಂದೆ ಲೇಖಕ ದಂಪತಿಗಳನ್ನು ಮುಖಕ್ಕೆ ಮುಖ ಟೀಕಿಸಿದ ಆ ಹುಡುಗ, ಕ್ರಿಸ್ ಚಿಬ್ನಲ್. ಡಾಕ್ಟರನ ಪಾತ್ರಕ್ಕೆ ಮೊದಲ ಬಾರಿ ನಟಿಯೊಬ್ಬರು, ಜೋಡಿ ವಿಟೇಕರ್, ಬಂದರು. ಲೇಖಕರ ಪಟ್ಟಿಯಲ್ಲಿ ಮಲೋರಿ ಬ್ಲ್ಯಾಕ್‌ಮನ್, ಜಾಯ್ ವಿಲ್ಕಿನ್ಸನ್, ವಿನಯ್ ಪಟೇಲ್ ಮೊದಲಾದ ಹೊಸ ಹೆಸರುಗಳು ಬಂದುವು.

ಈ ವಿನಯ್ ಪಟೇಲರ ಕಥೆಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ೨೦೧೮ರ ನವೆಂಬರ್ ೧೧ರಂದು ಪ್ರಸಾರವಾದ ಆ ಕಂತು ನಡೆಯುವುದು ೧೯೪೭ರ ಆಗಸ್ಟಿನ ಪಂಜಾಬಿನಲ್ಲಿ. ಮುಸಲ್ಮಾನ ಹುಡುಗಿ ಉಂಬ್ರೀನ್, ಹಿಂದೂ ಯುವಕ ಪ್ರೇಮ್, ಇಬ್ಬರ ಮದುವೆ. ಅವರ ಹೊಲದ ನಡುವೆಯೇ ಹೊಸ ಗಡಿ ಹಾದುಹೋಗುತ್ತದೆ. ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿ ಬದುಕಿ ಬಂದ ಪ್ರೇಮ್, ತನ್ನ ಸ್ವಂತ ತಮ್ಮನೇ ಕರೆತಂದವರ ಗುಂಡಿಗೆ ಬೀಳುತ್ತಾನೆ. ಕಥೆಯಲ್ಲಿ ಬೇರೆ ಲೋಕದ ಜೀವಿಗಳೂ ಇದ್ದಾರೆ. ಕೊಲ್ಲುವುದಕ್ಕೆ ಬಂದವರೆಂದು ಮೊದಲು ಕಾಣುವ ಅವರು, ಅನಾಥವಾಗಿ ಸಾಯುವವರ ಬಳಿ ಸಾಕ್ಷಿಯಾಗಿ ನಿಲ್ಲುವುದಕ್ಕೆ ಮಾತ್ರ ಬಂದಿರುತ್ತಾರೆ. ಕಾಲವನ್ನೇ ಗೆದ್ದ ಡಾಕ್ಟರ್ ಕೂಡ ಅಲ್ಲಿ ಏನನ್ನೂ ತಡೆಯಲಾರದೆ ಬೆನ್ನು ತಿರುಗಿಸಿ ನಡೆಯಬೇಕಾಗುತ್ತದೆ. ರಾಕ್ಷಸರು ಇತರ ಲೋಕಗಳಿಂದಲೇ ಬರಬೇಕೆಂಬ ಧಾರಾವಾಹಿಯ ಹಳೆಯ ಸೂತ್ರವನ್ನು ಇಷ್ಟು ಮೆಲ್ಲಗೆ ತಿರುಗಿಸಿಟ್ಟವರು ಕಡಮೆ. ಬ್ರಿಟನ್ನಿನ ಮನೆಮನೆಯಲ್ಲಿ ಭಾನುವಾರ ಸಂಜೆ ಮಕ್ಕಳ ಜೊತೆ ಕುಳಿತವರು ನಮ್ಮ ವಿಭಜನೆಯ ಕಥೆಯನ್ನು ನೋಡಿದರು. ಲಖನೌದ ಅತಿಯಾ ಹುಸೇನರ ಮಗ ಮೊದಲ ಕಂತನ್ನು ನಿರ್ದೇಶಿಸಿದ ೫೫ ವರ್ಷಗಳ ಮೇಲೆ, ತಾಯಿಯ ಕಾದಂಬರಿಯ ನೋವು ಹೀಗೆ ಮಗ ಆರಂಭಿಸಿದ ಧಾರಾವಾಹಿಗೆ ಬಂದು ಸೇರಿತು. ಇದನ್ನು ಯಾರೂ ಯೋಜಿಸಿದ್ದಲ್ಲ. ಬರೆಯುವ ಕೈ ಬದಲಾದುದರಿಂದ ಆದದ್ದು.

ಇತ್ತ ಚಿಬ್ನಲ್ಲರ ಪಾಡೇನಾಯಿತು? ೨೦೨೦ರ ಮಾರ್ಚಿನಲ್ಲಿ ಅವರು ಬರೆದ ಒಂದು ಕಂತು, ನಾವು ಮೊದಲನೆಯವನೆಂದು ತಿಳಿದ ಡಾಕ್ಟರನಿಗೂ ಹಿಂದೆ ಲೆಕ್ಕವಿಲ್ಲದಷ್ಟು ಜನ್ಮಗಳಿದ್ದುವೆಂದು ಹೇಳಿತು. ಅಭಿಮಾನಿಗಳಲ್ಲಿ ದೊಡ್ಡ ಪಂಗಡವೇ ಸಿಡಿದೆದ್ದಿತು. ಅಡಿಪಾಯವನ್ನೇ ಅಗೆದುಹಾಕಿದರು, ಇವರ ಕೈಯಿಂದ ಲೇಖನಿ ಕಿತ್ತುಕೊಳ್ಳಬೇಕು ಎಂದರು. ಆ ಕಲ್ಪನೆಯ ಬೀಜ ಇದ್ದದ್ದು ೧೯೭೬ರಲ್ಲಿ, ಹೋಮ್ಸ್ ಸಂಪಾದಕರಾಗಿದ್ದಾಗ ಬಂದ 'ದಿ ಬ್ರೇನ್ ಆಫ್ ಮಾರ್ಬಿಯಸ್' ಎಂಬ ಕಥೆಯಲ್ಲಿ ಕ್ಷಣಮಾತ್ರ ಮಿಂಚಿಹೋದ ಕೆಲವು ಅಪರಿಚಿತ ಮುಖಗಳಲ್ಲಿ. ಅಭಿಮಾನಿಯಲ್ಲದೆ ಬೇರೆ ಯಾರು ಅದನ್ನು ನೆನಪಿಟ್ಟುಕೊಂಡಾರು? ಹದಿನಾರರಲ್ಲಿ ತಾನು ಕುಳಿತಿದ್ದ ಕುರ್ಚಿಯ ಎದುರು ಕುರ್ಚಿಯಲ್ಲಿ ಐವತ್ತರ ಚಿಬ್ನಲ್ ಕುಳಿತಂತಾಯಿತು. ೨೦೨೨ರಲ್ಲಿ ಅವರು ಹೊರಟರು. ೨೦೨೩ರಲ್ಲಿ ಡೇವಿಸ್ ಎರಡನೆಯ ಬಾರಿ ಬಂದರು. ಅವರ ಬಗ್ಗೆಯೂ ಎರಡು ಪಂಗಡ.

ಹಾಗಾದರೆ ಲೇಖನಿ ಯಾರ ಕೈಗೆ ಸಲ್ಲಬೇಕು? ಅಭಿಮಾನಿಗೆ ಎನ್ನುವವರು ೨೦೦೫ನ್ನು ತೋರಿಸುತ್ತಾರೆ, ೧೯೮೫ನ್ನು ಮರೆಯುತ್ತಾರೆ. ವೃತ್ತಿಯ ಲೇಖಕರಿಗೆ ಎನ್ನುವವರು ಹೋಮ್ಸರನ್ನು ತೋರಿಸುತ್ತಾರೆ. ಆದರೆ ನಾನು ಮೇಲೆ ಹೇಳಿದ ೨೦೦೯ರ ಮತಗಣನೆಯಲ್ಲಿ ಒಂದು ವಿಚಿತ್ರವಿದೆ. ಇನ್ನೂರರಲ್ಲಿ ಮೊದಲನೆಯದಾಗಿ ಬಂದದ್ದು ಹೋಮ್ಸ್ ಬರೆದ 'ದಿ ಕೇವ್ಸ್ ಆಫ್ ಆಂಡ್ರೊಜಾನಿ', ೧೯೮೪ರ ಮಾರ್ಚಿನದು. ಇನ್ನೂರನೆಯದಾಗಿ ಬಂದದ್ದು 'ದಿ ಟ್ವಿನ್ ಡೈಲಮಾ'. ಅದೂ ೧೯೮೪ರ ಮಾರ್ಚಿನದೇ. ಒಂದರ ಬೆನ್ನಿಗೆ ಇನ್ನೊಂದು ಪ್ರಸಾರವಾದುವು. ನಿರ್ಮಾಪಕರು ಅವರೇ, ಕಥಾ ಸಂಪಾದಕರು ಅವರೇ. ಎರಡನ್ನೂ ಬರೆದವರು ಅನುಭವಿ ವೃತ್ತಿಲೇಖಕರೇ. ಹೀಗಿರುವಾಗ ಯಾವ ಜಾತಿಯ ಲೇಖಕ ಬೇಕೆಂದು ಸೂತ್ರ ಕಟ್ಟುವುದು ಹೇಗೆ?

ನನಗೆ ತೋರುವುದಿಷ್ಟು. ಈ ಕಥೆಗೆ ಜೀವ ತುಂಬಿದವರೆಲ್ಲ ಕಥೆಯ ಹೊರಗಿನಿಂದ ಏನನ್ನಾದರೂ ತಂದವರು. ಪೆಡ್ಲರ್ ಪ್ರಯೋಗಶಾಲೆಯಿಂದ ತಂದರು, ಹೋಮ್ಸ್ ಠಾಣೆಯಿಂದಲೂ ಯುದ್ಧದಿಂದಲೂ ತಂದರು, ಪಟೇಲರು ವಿಭಜನೆಯ ನೆನಪನ್ನು ತಂದರು. ಗೆದ್ದ ಅಭಿಮಾನಿಗಳೂ ಬರಿಯ ಅಭಿಮಾನದಿಂದ ಗೆದ್ದವರಲ್ಲ. ಡೇವಿಸ್, ಮೋಫಟ್ ಇಬ್ಬರೂ ಡಾಕ್ಟರನ ಸಹವಾಸವೇ ಇಲ್ಲದ ಟೆಲಿವಿಷನ್ ನಾಟಕಗಳಲ್ಲಿ ಹತ್ತಾರು ವರ್ಷ ದುಡಿದು ಬಂದವರು. ಕಥೆಯಿಂದಲೇ ಕಥೆಯನ್ನು ನೇಯಹೊರಟಾಗ ಬಟ್ಟೆ ತೆಳುವಾಗುತ್ತದೆ. ನಮ್ಮಲ್ಲಿಯೂ ಪಂಪನ ಭಾರತ, ಕುಮಾರವ್ಯಾಸನ ಭಾರತ ಎಂದು ಎರಡು ಇವೆಯಲ್ಲ! ಅರಿಕೇಸರಿಯ ಆಸ್ಥಾನವನ್ನೂ ರಣರಂಗವನ್ನೂ ಕಂಡವನೊಬ್ಬ, ಗದುಗಿನ ವೀರನಾರಾಯಣನಿಗೆ ಮನಸೋತವನೊಬ್ಬ. ಭಾರತ ಯಾರದೆಂದು ಅವರಿಬ್ಬರಲ್ಲಿ ತೀರ್ಪು ಕೊಡುವ ಗೋಜಿಗೆ ಕನ್ನಡಿಗರು ಹೋಗಲಿಲ್ಲ; ಎರಡನ್ನೂ ಇಟ್ಟುಕೊಂಡರು.

ಅಭಿಮಾನಿಗಳ ಜಗಳ ವ್ಯರ್ಥವೆಂದು ನಾನು ಹೇಳುವುದಿಲ್ಲ. ಹದಿನಾರು ವರ್ಷದವನ ಸಿಟ್ಟು ಬೇಕರ್ ದಂಪತಿಗಳಿಗೆ ಅನ್ಯಾಯವನ್ನೇ ಮಾಡಿತು. ಅವರು ಯಾವ ಇಕ್ಕಟ್ಟಿನಲ್ಲಿ ಬರೆದರೆಂಬುದು ಆ ಸಿಟ್ಟಿಗೆ ಬೇಕಾಗಿರಲಿಲ್ಲ. ಆದರೆ ಆ ಸಿಟ್ಟು ಹುಡುಗನನ್ನು ಬರವಣಿಗೆಗೆ ಹಚ್ಚಿತೆಂದರೆ ಪೂರಾ ನಷ್ಟವೆಂದು ಹೇಗೆ ಅನ್ನುವುದು? ಬೇಕಾದುದು ಬಾಗಿಲು. ೧೯೯೧ರಲ್ಲಿ ಹೆಸರಿಲ್ಲದವರ ಹಸ್ತಪ್ರತಿಯನ್ನು ಓದುತ್ತೇವೆಂದು ಒಬ್ಬ ಸಂಪಾದಕರು ತೆರೆದ ಬಾಗಿಲಿನಿಂದಲೇ ೨೦೦೫ ಒಳಗೆ ಬಂತು. ೧೯೮೯ರಲ್ಲ‌ಿ ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಮೈಕೇಲ್ ಪಿಲ್ಲರ್ ಅಂಥದೇ ಬಾಗಿಲು ತೆರೆದಾಗ ಒಳಗೆ ಬಂದ ಅಭಿಮಾನಿ ರೊನಾಲ್ಡ್ ಮೂರ್ ಮುಂದೆ ದೊಡ್ಡ ಹೆಸರು ಮಾಡಿದರು. ಬಾಗಿಲು ತೆರೆದರೆ ಸಾಲದು, ಅದು ಒಂದೇ ಬೀದಿಯ ಕಡೆಗೆ ಮುಖ ಮಾಡಿರಬಾರದು ಎಂಬುದನ್ನು ಆಮೇಲಿನ ವರ್ಷಗಳು ಕಲಿಸಿದುವು.

೧೯೮೯ರಲ್ಲಿ ಕೊನೆಯ ಕಥೆ ಬರೆದ ರೋನಾ ಮನ್ರೋ ಆಮೇಲೆ ತಮ್ಮ ಪಾಡಿಗೆ ರಂಗಭೂಮಿಗೆ ದುಡಿದರು. ಸ್ಕಾಟ್ಲೆಂಡಿನ ರಾಜರ ಮೇಲೆ ನಾಟಕಗಳನ್ನು ಬರೆದರು. ೨೦೧೭ರ ಜೂನಿನಲ್ಲಿ, ಇಪ್ಪತ್ತೆಂಟು ವರ್ಷಗಳ ಮೇಲೆ, ಆಕೆಯ ಹೆಸರು ಡಾಕ್ಟರನ ಕಥೆಯ ಮೇಲೆ ಮತ್ತೆ ಕಾಣಿಸಿಕೊಂಡಿತು. ಹಳೆಯ ಧಾರಾವಾಹಿಗೂ ಹೊಸದಕ್ಕೂ ಟೆಲಿವಿಷನ್ನಿನಲ್ಲಿ ಬರೆದವರೆಂದರೆ ಆಕೆಯೊಬ್ಬರೇ. ಆ ಕಥೆ ನಡೆಯುವುದು ಸ್ಕಾಟ್ಲೆಂಡಿನಲ್ಲಿಯೇ, ರೋಮನರ ಕಾಲದಲ್ಲಿ. ತಮ್ಮ ನೆಲದ ಚರಿತ್ರೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಆಕೆ ಹಳೆಯ ಮನೆಗೆ ಮರಳಿದ್ದರು.